ಬಾರ್ಥೆಲ್ ಅಂಕ 95 ಬಂದಿದೆ. ಹಾಗೆಂದು ತಾಯಿ ಒಬ್ಬರೇ ಇರಬಹುದೇ?

ಪ್ರಶ್ನೆ
ಬರೆದವರು: ಹಿರಿಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 79 ವರ್ಷ. ತಂದೆಯವರು ತೀರಿಕೊಂಡ ನಂತರ ತಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ ಮತ್ತು ಮುಂದೆಯೂ ಹಾಗೆಯೇ ಇರಬೇಕೆಂಬುದು ಅವರ ದೃಢವಾದ ಇಚ್ಛೆ. ಕೆಲವು ವಾರಗಳ ಹಿಂದೆ ನ್ಯುಮೋನಿಯಾ ಆಗಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಗೆ ಕಳುಹಿಸುವ ಮುನ್ನ ಸಿಬ್ಬಂದಿಯೊಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತು, ‘ಸ್ನಾನ ನೀವೇ ಮಾಡುತ್ತೀರಾ, ಊಟ ನೀವೇ ಮಾಡುತ್ತೀರಾ, ಮೆಟ್ಟಿಲು ಹತ್ತುತ್ತೀರಾ’ ಎಂದು ಒಂದೊಂದಾಗಿ ಕೇಳಿ ನಮೂನೆಯೊಂದನ್ನು ತುಂಬಿಕೊಂಡರು. ಡಿಸ್ಚಾರ್ಜ್ ಪತ್ರದಲ್ಲಿ ಈಗ ಉಳಿದಿರುವುದು ‘ಬಾರ್ಥೆಲ್ ಸೂಚ್ಯಂಕ 95/100, ದೈನಂದಿನ ಚಟುವಟಿಕೆಗಳಲ್ಲಿ ಸ್ವತಂತ್ರರು’ ಎಂಬ ಒಂದೇ ಸಾಲು.

ಮನೆಗೆ ಬಂದ ಮೇಲೆ ನಾನು ಕಂಡದ್ದು ಈ ಸಾಲಿಗೆ ಹೊಂದುತ್ತಿಲ್ಲ. ಅಮ್ಮ ತಾವೇ ಸ್ನಾನ ಮಾಡುತ್ತಾರೆ, ಬಟ್ಟೆ ಉಟ್ಟುಕೊಳ್ಳುತ್ತಾರೆ, ಮನೆಯೊಳಗೆ ಓಡಾಡುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ರಕ್ತದೊತ್ತಡದ ಮಾತ್ರೆಯ ಸ್ಟ್ರಿಪ್‌ನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಮಾತ್ರೆಗಳು ಉಳಿದಿವೆ, ರಾತ್ರಿ ತೆಗೆದುಕೊಳ್ಳುವ ಮಾತ್ರೆ ಮಾತ್ರ ಅವಧಿಗೆ ಮೊದಲೇ ಖಾಲಿಯಾಗಿದೆ. ವಿದ್ಯುತ್ ಬಿಲ್ಲಿನ ಎರಡನೆಯ ನೋಟಿಸು ಹಳೆಯ ಪತ್ರಿಕೆಗಳ ನಡುವೆ ಸಿಕ್ಕಿತು. ಫೋನಿನಲ್ಲಿ ಮಾತನಾಡುವವರಿಗೆ ಇದಾವುದೂ ಗೊತ್ತಾಗುವುದಿಲ್ಲ. ನಾನು ಕೇಳಿದರೆ ‘ನನಗೆ ಎಲ್ಲವೂ ಬರುತ್ತದೆ, ನೀನು ಸುಮ್ಮನೆ ಚಿಂತೆ ಹಚ್ಚಿಕೊಳ್ಳಬೇಡ’ ಎನ್ನುತ್ತಾರೆ. ‘ನೂರಕ್ಕೆ ತೊಂಬತ್ತೈದು ಬಂದಿರುವಾಗ ಇನ್ನೇನು ಬೇಕಕ್ಕಾ’ ಎಂಬುದು ತಮ್ಮನ ವಾದ. ತಂಗಿಯಾದರೋ ಈ ತಿಂಗಳೇ ಮನೆ ಖಾಲಿ ಮಾಡಿಸಿ ಅಮ್ಮನನ್ನು ತನ್ನ ಬಳಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಿದ್ದಾಳೆ.

ಈ ಅಂಕ ನಿಜವಾಗಿ ಏನನ್ನು ಅಳೆಯುತ್ತದೆ, ಒಬ್ಬರೇ ಬಾಳಲು ಬೇಕಾದ ಸಾಮರ್ಥ್ಯವನ್ನು ತಿಳಿಯಲು ಬೇರೆ ಅಳತೆಗಳಿವೆಯೇ, ಅವುಗಳಲ್ಲಿ ಮನೆಯವರು ಮಾಡಬಹುದಾದದ್ದು ಎಷ್ಟು, ತಜ್ಞರಿಗೇ ಬಿಡಬೇಕಾದದ್ದು ಎಷ್ಟು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ಆಕ್ಯುಪೇಷನಲ್ ಥೆರಪಿಸ್ಟ್

ನಮಸ್ಕಾರ. ನಿಮ್ಮ ತಮ್ಮ ಹೇಳುವ ಅಂಕವೂ ನೀವು ಕಂಡ ಸ್ಟ್ರಿಪ್ಪೂ ಎರಡೂ ಏಕಕಾಲಕ್ಕೆ ನಿಜವಾಗಿರಬಹುದು, ಏಕೆಂದರೆ ಬಾರ್ಥೆಲ್ ಸೂಚ್ಯಂಕದಲ್ಲಿ ಮಾತ್ರೆಯ ಬಗ್ಗೆಯಾಗಲಿ, ಬಿಲ್ಲಿನ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಇಲ್ಲ. 1965ರಲ್ಲಿ ಮಹೋನಿ ಮತ್ತು ಬಾರ್ಥೆಲ್ ಎಂಬಿಬ್ಬರು ಪ್ರಕಟಿಸಿದ ಈ ಅಳತೆಯಲ್ಲಿ 10 ಅಂಶಗಳಿವೆ: ಊಟ, ಸ್ನಾನ, ಮುಖ ತೊಳೆದು ತಲೆ ಬಾಚುವಂತಹ ಮೈಯ ಅಚ್ಚುಕಟ್ಟು, ಬಟ್ಟೆ ಧರಿಸುವುದು, ಮಲ ಮತ್ತು ಮೂತ್ರದ ಮೇಲಿನ ಹಿಡಿತ, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ನಡಿಗೆ, ಮೆಟ್ಟಿಲು. ನರ ಮತ್ತು ಸ್ನಾಯುಮೂಳೆಗಳ ತೊಂದರೆಯಿಂದ ಬಳಲುವವರು ಆರೈಕೆ ಪಡೆದು ಎಷ್ಟು ಸುಧಾರಿಸಿದರು ಎಂದು ಗುರುತಿಸಲು ಹುಟ್ಟಿದ ಅಳತೆ ಇದು. ಪೂರ್ತಿ 100 ಬಂದವರು ಕೂಡ ಒಬ್ಬರೇ ಬದುಕಬಲ್ಲರು ಎಂದು ಅರ್ಥವಲ್ಲ, ಅವರಿಗೆ ಅಡುಗೆ ಮಾಡಲು ಅಥವಾ ಮನೆ ನಡೆಸಲು ಆಗದಿರಬಹುದು ಎಂಬ ಎಚ್ಚರಿಕೆಯನ್ನು ಅದನ್ನು ರೂಪಿಸಿದವರೇ ಅಂದೇ ಕೊಟ್ಟಿದ್ದರು. ಅಂಕ ಮಾತ್ರ ಪತ್ರದಿಂದ ಪತ್ರಕ್ಕೆ ಸಾಗುತ್ತದೆ, ಆ ಎಚ್ಚರಿಕೆ ಸಾಗುವುದಿಲ್ಲ.

ಇನ್ನೊಂದು ಮಾತು. 95 ಎಂಬ ಮೊತ್ತಕ್ಕಿಂತ ಆ 5 ಎಲ್ಲಿ ಹೋಯಿತು ಎಂಬುದು ಹೆಚ್ಚು ಮುಖ್ಯ. ಮೆಟ್ಟಿಲು ಹತ್ತುವಾಗ ಯಾರಾದರೂ ಜೊತೆಗಿರಬೇಕು ಎಂದಾದರೆ 10ರಲ್ಲಿ 5 ಬರುತ್ತದೆ. ನೆಲಮಹಡಿಯಲ್ಲಿ ವಾಸವಿರುವವರಿಗೆ ಅದರಿಂದ ಹೆಚ್ಚಿನ ಬಾಧಕವಿಲ್ಲ. ಸ್ನಾನಕ್ಕೆ ಮತ್ತೊಬ್ಬರ ನೆರವು ಬೇಕಾದರೂ ಹೋಗುವುದು ಅದೇ 5, ಆದರೆ ಅಲ್ಲಿ ಒಬ್ಬರು ಮನೆಗೆ ಬಂದು ಹೋಗಲೇಬೇಕಾಗುತ್ತದೆ. ಒಂದೇ 95ರ ಹಿಂದೆ ಹೀಗೆ ತೀರ ಬೇರೆ ಬೇರೆ ಬದುಕುಗಳಿರಬಹುದಾದ್ದರಿಂದ ತುಂಬಿದ ನಮೂನೆಯ ಪ್ರತಿಯನ್ನೇ ಕೇಳಿ ಪಡೆಯಿರಿ. ಹಾಸಿಗೆಯ ಪಕ್ಕ ನಿಂತು ಪ್ರಶ್ನೆ ಕೇಳಿ ತುಂಬಿದ್ದು ಎಂದು ನೀವು ಬರೆದಿರುವುದೂ ಗಮನಿಸಬೇಕಾದ ಸಂಗತಿ. ವ್ಯಕ್ತಿ ಏನು ಮಾಡಬಲ್ಲರು ಎಂಬುದನ್ನಲ್ಲ, ಈಗ ದಿನವೂ ಏನು ಮಾಡುತ್ತಿದ್ದಾರೆ ಎಂಬುದನ್ನು ದಾಖಲಿಸಬೇಕು ಎಂಬುದು ಈ ಸೂಚ್ಯಂಕದ ಬಳಕೆಯ ನಿಯಮ. ಊಟದ ತಟ್ಟೆ ಹಾಸಿಗೆಗೇ ಬರುವ, ಸ್ನಾನದ ಕೋಣೆಯಲ್ಲಿ ಹಿಡಿಕೆಗಳಿರುವ, ಮಾತ್ರೆಯನ್ನು ನರ್ಸ್ ಕೈಗೇ ಕೊಡುವ ಜಾಗದಲ್ಲಿ ಮನೆಯ ದಿನಚರಿಯನ್ನು ಊಹಿಸುವುದು ಕಷ್ಟ.

ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವ ನಮ್ಮ ವೃತ್ತಿಯಲ್ಲಿ ದೈನಂದಿನ ಚಟುವಟಿಕೆಗಳನ್ನು ಎರಡು ಪದರಗಳಾಗಿ ನೋಡುತ್ತೇವೆ. ಮೊದಲನೆಯದು ಮೈಗೆ ಸಂಬಂಧಿಸಿದ ಮೂಲ ಚಟುವಟಿಕೆಗಳು, ಅಂದರೆ ಎಡಿಎಲ್. ಬಾರ್ಥೆಲ್ ಅಳೆಯುವುದು ಇವನ್ನೇ. 1963ರ ಕ್ಯಾಟ್ಜ್ ಸೂಚ್ಯಂಕವೂ ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಎಂಬ 6 ಅಂಶಗಳಲ್ಲಿ ಇವನ್ನೇ ನೋಡುತ್ತದೆ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕೊನೆಯವರೆಗೂ ಉಳಿಯುವುದು ಊಟ ಎಂಬ ಕ್ರಮವನ್ನು ಕ್ಯಾಟ್ಜ್ ಮತ್ತು ಸಂಗಡಿಗರು ಸೊಂಟದ ಮೂಳೆ ಮುರಿದ ಹಿರಿಯರನ್ನು ಗಮನಿಸುವಾಗ ಕಂಡುಕೊಂಡರು. ಎರಡನೆಯ ಪದರ ಮನೆಯನ್ನೂ ಬದುಕನ್ನೂ ನಡೆಸಿಕೊಂಡು ಹೋಗುವ ಚಟುವಟಿಕೆಗಳದ್ದು, ಅಂದರೆ ಐಎಡಿಎಲ್. ಲಾಟನ್ ಮತ್ತು ಬ್ರೋಡಿ 1969ರಲ್ಲಿ ಪ್ರಕಟಿಸಿದ ಮಾಪನದಲ್ಲಿ ಇವು 8: ಫೋನ್ ಬಳಕೆ, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧ, ಹಣಕಾಸು. ನೆನಪು, ಯೋಜನೆ, ಗಮನ, ನಿರ್ಧಾರ ಇಷ್ಟೂ ಒಟ್ಟಿಗೆ ಬೇಕಾಗುವುದರಿಂದ ಸೋರಿಕೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ. ನಿಮ್ಮ ತಾಯಿಯವರ ವಿಷಯದಲ್ಲಿ ಕಾಣುತ್ತಿರುವುದೂ ಈ ಪದರದ ತೊಂದರೆಯೇ.

ಹಾಗೆಂದು ಲಾಟನ್ ಮಾಪನವನ್ನು ತುಂಬಿದರೆ ಎಲ್ಲವೂ ಬಗೆಹರಿಯುತ್ತದೆ ಎಂದುಕೊಳ್ಳಬೇಡಿ. ಅದರ ಮೂಲ ರೂಪದಲ್ಲಿ ಗಂಡಸರಿಗೆ ಅಡುಗೆ, ಮನೆಗೆಲಸ, ಒಗೆತ ಈ ಮೂರನ್ನೂ ಕೈಬಿಟ್ಟು 5ಕ್ಕೆ ಅಂಕ ಕೊಡುತ್ತಿದ್ದರು; ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಗಂಡಸಿನ ಮಟ್ಟಿಗೆ ಹಾಗೆ ಕೈಬಿಡುವುದು ತೀರ ಅಸಂಬದ್ಧ. ಹಣಕಾಸಿನ ಅಂಶದಲ್ಲಿ ದಿನನಿತ್ಯದ ಸಣ್ಣಪುಟ್ಟ ಖರೀದಿಯನ್ನು ತಾವೇ ಮಾಡಿ ಬ್ಯಾಂಕಿನ ವ್ಯವಹಾರಕ್ಕೆ ನೆರವು ಪಡೆಯುವವರಿಗೂ ಪೂರ್ಣ 1 ಅಂಕವಿದೆ, ಆದ್ದರಿಂದ ಬಿಲ್ಲು ಕಟ್ಟದೆ ಉಳಿದರೂ ಅಂಕ ಕಡಿಮೆಯಾಗದಿರಬಹುದು. ಔಷಧದ ಅಂಶ ಇದಕ್ಕೆ ತದ್ವಿರುದ್ಧ: ಬೇರೆಯವರು ಮೊದಲೇ ವಿಂಗಡಿಸಿಟ್ಟ ಮಾತ್ರೆಗಳನ್ನು ತಪ್ಪದೆ ನುಂಗುವವರಿಗೂ ಅಲ್ಲಿ 0. ವಾರಕ್ಕೊಮ್ಮೆ ನೀವು ಮಾತ್ರೆ ಡಬ್ಬಿಯನ್ನು ತುಂಬಿಟ್ಟರೆ ತಾಯಿಯವರ ಆರೋಗ್ಯ ಸುಧಾರಿಸಬಹುದು, ಅಂಕ ಸುಧಾರಿಸುವುದಿಲ್ಲ. ಮೊತ್ತವನ್ನು ಪಕ್ಕಕ್ಕಿಟ್ಟು ಸಾಲು ಸಾಲಾಗಿ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಮನೆಯವರು ಮಾಡಬಹುದಾದದ್ದು ನೋಡುವುದು. ‘ಬರುತ್ತದೆಯೇ’ ಎಂದು ಕೇಳಿದರೆ ‘ಬರುತ್ತದೆ’ ಎಂಬ ಉತ್ತರವೇ ಬರುತ್ತದೆ. ‘ಈಗ ಹೇಗೆ ಮಾಡುತ್ತೀರಿ, ಮೊದಲು ಮಾಡುತ್ತಿದ್ದ ರೀತಿಗೂ ಇದಕ್ಕೂ ಏನಾದರೂ ವ್ಯತ್ಯಾಸವಿದೆಯೇ’ ಎಂದು ಕೇಳಿದರೆ ಕಥೆ ತೆರೆದುಕೊಳ್ಳುತ್ತದೆ. ಕೆಲಸವನ್ನು ಬಿಟ್ಟಿರುವುದಿಲ್ಲ, ಆದರೆ ನಿಧಾನವಾಗಿರುತ್ತದೆ, ದಿನವೂ ಮಾಡುತ್ತಿದ್ದುದು ವಾರಕ್ಕೊಮ್ಮೆಗೆ ಇಳಿದಿರುತ್ತದೆ, ಅಥವಾ ಗೋಡೆ ಹಿಡಿದು, ಕೂತು, ವಿರಾಮ ಕೊಟ್ಟು ಮಾಡುವಂತಾಗಿರುತ್ತದೆ. ಅವಲಂಬನೆ ಶುರುವಾಗುವ ಮುಂಚಿನ ಈ ಹಂತವನ್ನು ಅಂಕಗಳು ಹಿಡಿಯುವುದು ಅಪರೂಪ. ಹಾಲು ಕಾಯಿಸುವಂತಹ ಸಣ್ಣ ಕೆಲಸವನ್ನು ತಾಯಿಯವರು ತಮ್ಮ ಅಡುಗೆಮನೆಯಲ್ಲಿ ಎಂದಿನಂತೆ ಮಾಡುವಾಗ ಅಲ್ಲೇ ಮಾತನಾಡುತ್ತ ನಿಂತು ನೋಡಿ. ಪಾತ್ರೆ ಎಲ್ಲಿದೆ ಎಂದು ಹುಡುಕುತ್ತಾರೆಯೇ, ಒಲೆ ಹಚ್ಚಿದ ಮೇಲೆ ಬೇರೆ ಕೆಲಸಕ್ಕೆ ತಿರುಗಿದರೆ ಮರಳಿ ಬರುತ್ತಾರೆಯೇ, ಬಿಸಿ ಪಾತ್ರೆಯನ್ನು ಇಳಿಸುವಾಗ ಕೈ ಗಟ್ಟಿಯಾಗಿದೆಯೇ, ಕೊನೆಗೆ ಒಲೆ ಆರಿಸುತ್ತಾರೆಯೇ. ತಪ್ಪಾದರೆ ಅದು ತಮಗೇ ಗೊತ್ತಾಗಿ ಸರಿಪಡಿಸಿಕೊಳ್ಳುತ್ತಾರೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ. ಒಬ್ಬರೇ ಇರುವವರ ಸುರಕ್ಷತೆ ತಪ್ಪೇ ಆಗದಿರುವುದಕ್ಕಿಂತ ಆದ ತಪ್ಪನ್ನು ಗುರುತಿಸುವ ಶಕ್ತಿಯ ಮೇಲೆ ಹೆಚ್ಚು ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2
ಬರೆದವರು: ವೃದ್ಧಾಪ್ಯ ಚಿಕಿತ್ಸೆಯ ವೈದ್ಯ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಯಾವ ಮಾಪನವನ್ನು ತುಂಬುವ ಮೊದಲೂ ಕಾಲದ ಪ್ರಶ್ನೆಯೊಂದಿದೆ. ನ್ಯುಮೋನಿಯಾ ಬರುವ ಮುನ್ನ ಇವರು ಹೇಗಿದ್ದರು? ಆಸ್ಪತ್ರೆಗೆ ಸೇರುವ ಎರಡು ವಾರ ಮೊದಲು ಬಿಲ್ಲು ಯಾರು ಕಟ್ಟುತ್ತಿದ್ದರು, ಮಾತ್ರೆ ಹೇಗೆ ನಡೆಯುತ್ತಿತ್ತು, ಪೇಟೆಗೆ ಒಬ್ಬರೇ ಹೋಗುತ್ತಿದ್ದರೇ ಎಂಬುದನ್ನು ಮೊದಲು ಬರೆದಿಡಿ. ಆ ನೆಲೆ ಗೊತ್ತಿಲ್ಲದೆ ಇಂದಿನ ಅಂಕಕ್ಕೆ ಅರ್ಥವಿಲ್ಲ. ಕಳೆದ ಒಂದೆರಡು ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದಿದ್ದರೆ ನಾವು ಒಂದು ದಾರಿಯಲ್ಲಿ ಯೋಚಿಸುತ್ತೇವೆ. ಕಾಯಿಲೆಯ ನಂತರ ಏಕಾಏಕಿ ಇಳಿದಿದ್ದರೆ ಯೋಚನೆಯ ದಾರಿಯೇ ಬೇರೆ.

ಹಿರಿಯರಲ್ಲಿ ತೀವ್ರ ಸೋಂಕಿನ ಸಂದರ್ಭದಲ್ಲಿ ತಲೆದೋರುವ ಡೆಲಿರಿಯಂ, ಅಂದರೆ ಗಮನ ಮತ್ತು ಅರಿವು ಏರುಪೇರಾಗುವ ಗೊಂದಲದ ಸ್ಥಿತಿ, ಸೋಂಕು ವಾಸಿಯಾದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪೂರ್ತಿ ಹೋಗದೆ ಉಳಿಯಬಹುದು. ಕೂಗಾಟ, ಚಡಪಡಿಕೆ ಇಲ್ಲದೆ ಬರೀ ಮಂಕಾಗಿ ಕೂರುವ ರೂಪದಲ್ಲಿ ಅದು ಬಂದರೆ ಯಾರ ಗಮನಕ್ಕೂ ಬರುವುದಿಲ್ಲ. ಖಿನ್ನತೆ, ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ಶ್ರವಣದೋಷ, ಕಣ್ಣಿನ ಪೊರೆ ಇವೆಲ್ಲವೂ ಐಎಡಿಎಲ್ ಅಂಕವನ್ನು ಕೆಳಗಿಳಿಸಬಲ್ಲವು. ಬಿಲ್ಲಿನ ಅಕ್ಷರ ಕಾಣದವರೂ ಬಿಲ್ಲನ್ನು ಮರೆತವರೂ ನಮೂನೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಅವರಿಗೆ ಬೇಕಾದ ಚಿಕಿತ್ಸೆಗೆ ಮಾತ್ರ ಸಂಬಂಧವೇ ಇರುವುದಿಲ್ಲ. ಅಂಕ ಇಳಿದ ತಕ್ಷಣ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಗ್ಗುತ್ತ ಹೋಗುವ ಕಾಯಿಲೆ, ಎಂಬ ತೀರ್ಮಾನಕ್ಕೆ ಹಾರುವುದನ್ನು ಮನೆಯವರಲ್ಲೂ ನೋಡುತ್ತೇನೆ, ನಮ್ಮವರಲ್ಲೂ ನೋಡುತ್ತೇನೆ.

ಒಂದು ವಿವರ ನನ್ನನ್ನು ಕಾಡುತ್ತಿದೆ. ಅವಧಿಗೆ ಮೊದಲೇ ಖಾಲಿಯಾದ ಆ ರಾತ್ರಿಯ ಮಾತ್ರೆ ಯಾವುದು? ನಿದ್ರೆಯದ್ದಾಗಿದ್ದು, ತೆಗೆದುಕೊಂಡದ್ದು ಮರೆತು ಮತ್ತೊಂದನ್ನು ನುಂಗುತ್ತಿದ್ದರೆ, ಮರೆವಿಗೆ ಮಾತ್ರೆಯೂ ಮಾತ್ರೆಯ ಗೊಂದಲಕ್ಕೆ ಮರೆವೂ ಕಾರಣವಾಗುವ ಸುತ್ತು ಶುರುವಾಗಿರಬಹುದು. ದಯವಿಟ್ಟು ಹೆಸರನ್ನು ನೋಡಿ ತಿಳಿಸಿ.

ದೇಹದ ಮಟ್ಟದಲ್ಲಿ ಬಾರ್ಥೆಲ್ ಹಿಡಿಯದ ಕೆಲವನ್ನು ಚಿಕ್ಕ ಪರೀಕ್ಷೆಗಳು ಹಿಡಿಯುತ್ತವೆ. 1991ರಿಂದ ಬಳಕೆಯಲ್ಲಿರುವ ‘ಟೈಮ್ಡ್ ಅಪ್ ಅಂಡ್ ಗೋ’ ಪರೀಕ್ಷೆಯಲ್ಲಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ ಪರಿಗಣಿಸುತ್ತದೆ. ಹಿರಿಯರ ಆರೈಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ‘ಐಕೋಪ್’ ಕೈಪಿಡಿಯಲ್ಲಿ ಕೈಗಳ ಆಸರೆಯಿಲ್ಲದೆ ಕುರ್ಚಿಯಿಂದ 5 ಬಾರಿ ಎದ್ದು ಕೂರಲು 14 ಸೆಕೆಂಡಿನ ಮಿತಿಯಿದೆ. ನಡಿಗೆಯ ವೇಗವಂತೂ ನಾನು ತುಂಬ ನಂಬುವ ಅಳತೆ: 4 ಮೀಟರ್ ದೂರವನ್ನು ಎಂದಿನ ನಡಿಗೆಯಲ್ಲಿ ಕ್ರಮಿಸಲು 5 ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಅಂದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆಯಾದರೆ, ನಿಧಾನವೆಂದೇ ಲೆಕ್ಕ. ಇವನ್ನು ಪಕ್ಕದಲ್ಲಿ ಹಿಡಿದುಕೊಳ್ಳುವವರಿಲ್ಲದೆ ಮನೆಯಲ್ಲಿ ಪ್ರಯತ್ನಿಸಬೇಡಿ, ಫಿಸಿಯೋಥೆರಪಿಸ್ಟ್ ಬಳಿಯಲ್ಲಿ ಮಾಡಿಸಿ. ಅದೇ ಭೇಟಿಯಲ್ಲಿ ಮಲಗಿದಾಗ ಮತ್ತು ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡ ನೋಡಲು ಹೇಳಿ. ಮೇಲಿನ ಅಂಕ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಔಷಧಗಳ ಪಟ್ಟಿಯನ್ನೇ ಮರುಪರಿಶೀಲಿಸಬೇಕಾಗುತ್ತದೆ.

ತಂಗಿಯವರಿಗೊಂದು ಮಾತು. ಒಬ್ಬರೇ ಇರುವ ಸಾಮರ್ಥ್ಯವೂ, ಎಲ್ಲಿ ಇರಬೇಕೆಂದು ನಿರ್ಧರಿಸುವ ಸಾಮರ್ಥ್ಯವೂ ಒಂದೇ ಅಲ್ಲ. ಬಟ್ಟೆಯ ಗುಂಡಿ ಹಾಕಿಕೊಳ್ಳಲಾಗದವರು ತಮ್ಮ ಮನೆಯ ಬಗ್ಗೆ ಪೂರ್ಣ ವಿವೇಕದಿಂದ ತೀರ್ಮಾನಿಸಬಲ್ಲರು. ಎಡಿಎಲ್ ಅಂಕವನ್ನು ತೋರಿಸಿ ಆ ಹಕ್ಕನ್ನು ಕಿತ್ತುಕೊಳ್ಳಲು ಬರುವುದಿಲ್ಲ.

ಉತ್ತರ 3
ಬರೆದವರು: ಅತ್ತೆಯವರ ಆರೈಕೆಯಲ್ಲಿರುವ ಸೊಸೆ

ನಾನು ವೃತ್ತಿಯವಳಲ್ಲ, ಆದರೆ ವರ್ಷಗಳಿಂದ ಮನೆಯಲ್ಲಿ ಈ ನಮೂನೆಗಳನ್ನು ತುಂಬಿಸಿಕೊಳ್ಳುವ ಕಡೆಯಲ್ಲಿದ್ದೇನೆ. ‘ಮಾಡಬಲ್ಲರೇ’ ಎನ್ನುವುದಕ್ಕಿಂತ ‘ಮಾಡುತ್ತಾರೆಯೇ’ ಎಂಬುದನ್ನು ಬರೆಯಬೇಕೆಂಬ ಮಾತು ಆಸ್ಪತ್ರೆಗೆ ಸರಿಹೋಗಬಹುದು, ಮನೆಯಲ್ಲಿ ಅದು ತಿರುವುಮುರುವಾಗುವುದನ್ನೂ ನೋಡಿದ್ದೇನೆ. ನಮ್ಮ ಅತ್ತೆಯವರಿಗೆ ಸ್ನಾನ ಮಾಡಿಸುವುದು ಸಹಾಯಕಿ, ಏಕೆಂದರೆ ಅವರು ತಾವೇ ಮಾಡಿಕೊಂಡರೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಮತ್ತು ಸಹಾಯಕಿಗೆ ಮುಂದಿನ ಮನೆಗೆ ಹೋಗುವ ಅವಸರ. ಆಕೆ ರಜೆ ಹಾಕಿದ ದಿನ ಸ್ಟೂಲಿನ ಮೇಲೆ ಕೂತು, ಬೆನ್ನೊಂದನ್ನು ಬಿಟ್ಟು ಉಳಿದುದನ್ನೆಲ್ಲ ಅತ್ತೆಯವರೇ ಮಾಡಿಕೊಳ್ಳುತ್ತಾರೆ. ಮಾಡುತ್ತಿಲ್ಲವಾದ್ದರಿಂದ ನಮೂನೆಯಲ್ಲಿ ‘ಅವಲಂಬಿತರು’ ಎಂದು ಬಿತ್ತು, ‘ಅವಲಂಬಿತರು’ ಎಂದು ಬಿದ್ದದ್ದರಿಂದ ಬಟ್ಟೆ ಹಾಕುವುದನ್ನೂ ಸಹಾಯಕಿಗೇ ಒಪ್ಪಿಸಲಾಯಿತು. ಕೈಗೆ ಕೆಲಸವಿಲ್ಲದ ಮೇಲೆ ಕೈ ಎಲ್ಲಿಯವರೆಗೆ ಚುರುಕಾಗಿರುತ್ತದೆ?

ಇನ್ನು ನಿಂತು ನೋಡುವ ವಿಚಾರ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದರೆ ಯಾವ ತಾಯಿಗಾದರೂ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಕೈ ನಡುಗುತ್ತದೆ. ನೋಡುವ ನಾವೂ ನಿಷ್ಪಕ್ಷಪಾತಿಗಳಲ್ಲ. ದಣಿದ ದಿನ ಅತ್ತೆಯವರ ಬಗ್ಗೆ ನಾನು ಕೊಡುವ ಉತ್ತರಗಳೂ ನಿದ್ದೆ ಚೆನ್ನಾಗಿ ಆದ ದಿನದ ಉತ್ತರಗಳೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಅಮ್ಮನವರಿಗೆ ವಿಷಯವನ್ನು ಮುಚ್ಚಿಡದೆ ಹೇಳಿ, ‘ನಿಮಗೆ ಈಗ ಯಾವುದು ಕಷ್ಟವಾಗುತ್ತಿದೆ, ಯಾವುದನ್ನು ಯಾರಿಗೂ ಬಿಟ್ಟುಕೊಡಲು ಮನಸ್ಸಿಲ್ಲ’ ಎಂದು ಅವರನ್ನೇ ಕೇಳಿ. ಎರಡನೆಯ ಪ್ರಶ್ನೆ ನಾನು ಕಂಡ ಯಾವ ನಮೂನೆಯಲ್ಲೂ ಇರಲಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಹಿರಿಯ ಮಗಳು

ಮೂವರಿಗೂ ಕೃತಜ್ಞತೆಗಳು. ಡಾಕ್ಟರೇ, ರಾತ್ರಿಯ ಮಾತ್ರೆ ನಿದ್ರೆಯದ್ದೇ. ಆಸ್ಪತ್ರೆಯಲ್ಲಿ ನಿದ್ರೆ ಬರುತ್ತಿಲ್ಲವೆಂದು ಶುರು ಮಾಡಿದ್ದು, ಮನೆಗೆ ಬಂದ ಮೇಲೂ ಮುಂದುವರಿದಿದೆ. ಕಾಯಿಲೆಗೆ ಮುಂಚೆ ಬಿಲ್ಲುಗಳನ್ನೆಲ್ಲ ಅಮ್ಮ ತಾವೇ, ಅದೂ ದಿನಾಂಕಕ್ಕೆ ಮೊದಲೇ ಕಟ್ಟುತ್ತಿದ್ದರು ಎಂಬುದು ಅವರ ಲೆಕ್ಕದ ಪುಸ್ತಕದಿಂದ ಗೊತ್ತಾಯಿತು. ಆಸ್ಪತ್ರೆಯಿಂದ ನಮೂನೆಯ ಪ್ರತಿಯೂ ಸಿಕ್ಕಿದೆ; 5 ಅಂಕ ಹೋಗಿರುವುದು ಮೆಟ್ಟಿಲಿನಲ್ಲಿ.

ನಾನು, ತಮ್ಮ ಇಬ್ಬರೂ ಲಾಟನ್ ಮಾಪನವನ್ನು ಬೇರೆ ಬೇರೆಯಾಗಿ ತುಂಬಿದೆವು. ಅಡುಗೆ ಮತ್ತು ಔಷಧದಲ್ಲಿ ನಾನು 0 ಕೊಟ್ಟ ಕಡೆ ಅವನು 1 ಕೊಟ್ಟಿದ್ದಾನೆ. ಅಮ್ಮನನ್ನೇ ಕೇಳಿದಾಗ ಅವರು ಅಡುಗೆಗೆ 1 ಎಂದರು, ಔಷಧದ ಬಗ್ಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅದೊಂದು ಗೊಂದಲವಾಗುತ್ತಿದೆ’ ಎಂದು ಒಪ್ಪಿಕೊಂಡರು. ಬಿಟ್ಟುಕೊಡಲು ಮನಸ್ಸಿಲ್ಲದ್ದು ಯಾವುದು ಎಂಬ ಪ್ರಶ್ನೆಗೆ ಅವರ ಉತ್ತರ ‘ಲೆಕ್ಕದ ಪುಸ್ತಕ’. ಹೀಗೆ ಮೂವರ ಉತ್ತರ ಮೂರು ಬಗೆಯಾದಾಗ ಯಾರದನ್ನು ನಂಬಬೇಕು?

ಉತ್ತರ 4
ಬರೆದವರು: ಆಕ್ಯುಪೇಷನಲ್ ಥೆರಪಿಸ್ಟ್

ಯಾರದನ್ನೂ ತಳ್ಳಿಹಾಕಬೇಡಿ. ಉತ್ತರಗಳು ಹೊಂದಿದ ಕಡೆ ನೋಡಬೇಕಾದದ್ದು ಕಡಿಮೆ, ಹೊಂದದ ಕಡೆ ಹೆಚ್ಚು. ಔಷಧದ ವಿಷಯದಲ್ಲಿ ನಿಮ್ಮದೂ ತಾಯಿಯವರದೂ ಒಂದೇ ಮಾತಾಗಿದೆ, ಸ್ಟ್ರಿಪ್ ಕೂಡ ಅದನ್ನೇ ಹೇಳುತ್ತಿದೆ. ಅಲ್ಲಿಗೆ ಅದು ಇತ್ಯರ್ಥವಾದಂತೆ. ಅಡುಗೆಯಲ್ಲಿ ನೀವು 0 ಕೊಟ್ಟದ್ದು ಯಾವುದನ್ನು ಕಂಡು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ, ತಮ್ಮನವರೂ ಹಾಗೆಯೇ ಬರೆಯಲಿ. ಬಹಳ ಸಲ ಒಬ್ಬರು ಬೆಳಗಿನ ಹೊತ್ತು ಕಂಡದ್ದನ್ನು, ಮತ್ತೊಬ್ಬರು ಸಂಜೆ ಕಂಡದ್ದನ್ನು ಬರೆದಿರುತ್ತಾರೆ.

ಅತ್ತೆಯವರ ಆರೈಕೆಯಲ್ಲಿರುವವರು ಎತ್ತಿದ ಆಕ್ಷೇಪ ಸರಿಯಾದದ್ದೇ. ಮಾಡಬಲ್ಲದ್ದು ಮತ್ತು ಮಾಡುತ್ತಿರುವುದು ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕೆಂದು ಜನರ ಕಾರ್ಯಸಾಮರ್ಥ್ಯ ಮತ್ತು ಅಂಗವೈಕಲ್ಯವನ್ನು ವಿವರಿಸುವ ವಿಶ್ವ ಆರೋಗ್ಯ ಸಂಸ್ಥೆಯ 2001ರ ‘ಐಸಿಎಫ್’ ವರ್ಗೀಕರಣವೂ ಹೇಳುತ್ತದೆ. ಮಾಡಬಲ್ಲರು ಆದರೆ ಮಾಡುತ್ತಿಲ್ಲ ಎಂದಾದರೆ ಕಾರಣವನ್ನು ಸುತ್ತಲಿನ ವ್ಯವಸ್ಥೆಯಲ್ಲಿ ಹುಡುಕಬೇಕು: ಅವಸರ, ಎತ್ತರದ ಕಪಾಟು, ಮಂದ ಬೆಳಕು, ಎಲ್ಲವನ್ನೂ ತಾವೇ ಮಾಡಿಬಿಡುವ ಮನೆಯವರು. ಮಾಡುತ್ತಿದ್ದಾರೆ ಆದರೆ ಪರೀಕ್ಷೆಯಲ್ಲಿ ಮಾಡಲಾಗಲಿಲ್ಲ ಎಂದಾದರೆ ಹಳೆಯ ರೂಢಿಯೂ ಪರಿಚಿತ ಜಾಗವೂ ಅವರನ್ನು ಎತ್ತಿ ಹಿಡಿದಿವೆ ಎಂದರ್ಥ. ಅಂಥವರನ್ನು ಹೊಸ ಮನೆಗೆ ಒಯ್ದರೆ ಪಾತ್ರೆ ಎಲ್ಲಿದೆ, ದೀಪದ ಸ್ವಿಚ್ ಎಲ್ಲಿದೆ ಎಂಬುದರಿಂದ ಶುರುವಾಗಿ ಇದ್ದ ಸಾಮರ್ಥ್ಯವೂ ಕುಸಿಯಬಹುದು. ನಿಮ್ಮ ತಂಗಿಯವರು ಇದನ್ನು ತೂಗಿ ನೋಡಬೇಕು.

ನನ್ನ ಸಲಹೆ ಇಷ್ಟು. ಮಾತ್ರೆಗೆ ವಾರದ ಡಬ್ಬಿ ಬರಲಿ, ಅದನ್ನು ತಾಯಿಯವರೇ ತುಂಬಲಿ, ನೀವು ಪಕ್ಕದಲ್ಲಿ ಕೂತು ನೋಡಿ. ನೋಡಲು ಬಂದಿದ್ದೇನೆ ಎಂದು ಹೇಳಿಯೇ ನೋಡಿ. ಡಬ್ಬಿ ತುಂಬಬಲ್ಲರು ಆದರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲು ಮರೆಯುತ್ತಾರೆ ಎಂದಾದರೆ ಅಲಾರಾಂ ಸಾಕಾಗಬಹುದು. ತುಂಬುವುದೇ ಆಗುತ್ತಿಲ್ಲ ಎಂದಾದರೆ ಅಲಾರಾಂನಿಂದ ಪ್ರಯೋಜನವಿಲ್ಲ, ಇನ್ನೊಬ್ಬರ ಕೈ ಬೇಕು. ಲೆಕ್ಕದ ಪುಸ್ತಕ ಅವರ ಬಳಿಯೇ ಉಳಿಯಲಿ. ಬಿಲ್ಲು ಬರುವ ಜಾಗವನ್ನು ಒಂದೇ ತಟ್ಟೆಗೆ ಸೀಮಿತಗೊಳಿಸಿ, ಕಟ್ಟಿದ್ದನ್ನು ಪುಸ್ತಕದಲ್ಲಿ ಅವರೇ ಗುರುತು ಹಾಕಲಿ, ತಿಂಗಳಿಗೊಮ್ಮೆ ಇಬ್ಬರೂ ಕೂತು ತಾಳೆ ನೋಡಿ. ಮೆಟ್ಟಿಲಿಗೆ ಎರಡೂ ಬದಿ ಹಿಡಿಕೆ ಹಾಕಿಸಿದರೆ ಹೋದ ಆ 5 ಅಂಕದ ಬಗ್ಗೆ ಹೆಚ್ಚು ಚರ್ಚೆಯೇ ಬೇಡ.

ಉತ್ತರ 5
ಬರೆದವರು: ವೃದ್ಧಾಪ್ಯ ಚಿಕಿತ್ಸೆಯ ವೈದ್ಯ

ಕಾಯಿಲೆಗೆ ಮುಂಚೆ ಬಿಲ್ಲುಗಳು ದಿನಾಂಕಕ್ಕೆ ಮೊದಲೇ ಸಲ್ಲುತ್ತಿದ್ದವು, ನಿದ್ರೆಯ ಮಾತ್ರೆ ಆಸ್ಪತ್ರೆಯಲ್ಲಿ ಆರಂಭವಾಯಿತು ಎಂಬ ಎರಡು ಸಂಗತಿಗಳನ್ನು ಜೋಡಿಸಿದರೆ ಇಂದಿನ ಸ್ಥಿತಿ ಸ್ವಲ್ಪಮಟ್ಟಿಗಾದರೂ ಹಿಂದಿರುಗಬಲ್ಲದ್ದು ಎಂಬ ಆಶೆಗೆ ಎಡೆಯಿದೆ. ಆದರೆ ಆ ಮಾತ್ರೆಯನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಕೆಲವು ನಿದ್ರೆ ಮಾತ್ರೆಗಳನ್ನು ಹಠಾತ್ತಾಗಿ ಬಿಟ್ಟರೆ ನಿದ್ರೆ ಮತ್ತಷ್ಟು ಕೆಡುವುದಲ್ಲದೆ ನಡುಕ, ಗೊಂದಲ, ಅಪರೂಪಕ್ಕೆ ಸೆಳವು (ಫಿಟ್ಸ್) ಕೂಡ ಬರಬಹುದು. ಖಾಲಿ ಸ್ಟ್ರಿಪ್‌ಗಳನ್ನೂ ಉಳಿದ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಈ ವಾರವೇ ಅವರ ವೈದ್ಯರನ್ನು ಕಾಣಿರಿ, ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ವಿಧಾನವನ್ನು ಅವರೇ ಬರೆದುಕೊಡಲಿ. ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆಗಳೂ, ಕಣ್ಣು ಮತ್ತು ಕಿವಿಯ ತಪಾಸಣೆಯೂ ಜೊತೆಗೇ ಆಗಲಿ.

ಮರುಅಳತೆಯ ಬಗ್ಗೆ: ಮಾತ್ರೆ ಇಳಿದು ನಿಂತು ಕೆಲವು ವಾರಗಳಾದ ಮೇಲೆ, ಸುಮಾರು ಮೂರು ತಿಂಗಳ ಹೊತ್ತಿಗೆ, ಅದೇ ಮಾಪನವನ್ನು ಅದೇ ವ್ಯಕ್ತಿಗಳು ಮತ್ತೆ ತುಂಬಿ. ಆಗಲೂ ಔಷಧ, ಹಣಕಾಸುಗಳಲ್ಲಿ ತೊಂದರೆ ಉಳಿದಿದ್ದರೆ ಫೆಫರ್ ಅವರ 1982ರ ‘ಫಂಕ್ಷನಲ್ ಆಕ್ಟಿವಿಟೀಸ್’ ಪ್ರಶ್ನಾವಳಿಯನ್ನು ಬಳಸಿ, ಜೊತೆಗೆ ನೆನಪಿನ ಪರೀಕ್ಷೆಯನ್ನೂ ಮಾಡಿಸೋಣ. ಆ ಪ್ರಶ್ನಾವಳಿಯನ್ನು ಹತ್ತಿರದವರು ತುಂಬುತ್ತಾರೆ. 10 ಅಂಶಗಳಿಗೆ 0ಯಿಂದ 3ರವರೆಗೆ ಅಂಕ, ಒಟ್ಟು 30, ಇಲ್ಲಿ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಎಂದೂ ಮಾಡದೆ ಇದ್ದ ಕೆಲಸಕ್ಕೆ ಅದರಲ್ಲಿ ಬೇರೆಯೇ ಲೆಕ್ಕವಿರುವುದರಿಂದ, ಜೀವಮಾನದಲ್ಲಿ ಬ್ಯಾಂಕಿಗೆ ಹೋಗದವರಿಗೆ ಬ್ಯಾಂಕು ಗೊತ್ತಿಲ್ಲವೆಂದು ಅನ್ಯಾಯವಾಗುವುದಿಲ್ಲ. ಅಲ್ಲಿಯವರೆಗೆ ಮನೆ ಖಾಲಿ ಮಾಡುವ ಮಾತನ್ನು ತಡೆಹಿಡಿಯಿರಿ. ಬಿದ್ದರೆ, ಒಲೆ ಉರಿಯುತ್ತಲೇ ಉಳಿದರೆ, ಅಥವಾ ಪರಿಚಿತ ದಾರಿಯಲ್ಲಿ ದಿಕ್ಕು ತಪ್ಪಿದರೆ ಮಾತ್ರ ಮೂರು ತಿಂಗಳು ಕಾಯದೆ ಕೂಡಲೇ ಬನ್ನಿ.